ಅಣು ತಿರುಗಿದರೆ ಸಾಕೇ, ತಲೆ ಓಡಬೇಡವೇ?

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಜಗಳದ ಬರಹ. ಬೇಜಾರು ಮಾಡ್ಕೋಬೇಡಿ.

"ವಿಜ್ಞಾನ ಕಲಿಯಲು ಹತ್ತು ಅದ್ಭುತ ತಾಣಗಳು" ಅನ್ನೋ ಥರದ ಪಟ್ಟಿಗಳನ್ನ ನೀವೂ ನೋಡಿರ್ತೀರಿ. ನಮ್ಮ ಬ್ಲಾಗುಗಳಲ್ಲೂ ಬರುತ್ತವೆ, ವಾಟ್ಸ್ಯಾಪಿನಲ್ಲಂತೂ ಕೇಳೋದೇ ಬೇಡ. ಹತ್ತು ಕೊಂಡಿ, ಒಂದೊಂದಕ್ಕೂ ಒಂದೊಂದು ಸಾಲು. "ತುಂಬಾ ಚೆನ್ನಾಗಿದೆ, ತ್ರೀಡಿಯಲ್ಲಿ ಕಾಣುತ್ತೆ, ಮಕ್ಕಳಿಗೆ ತೋರಿಸಿ." ಅಷ್ಟೇ! ಅಣುವನ್ನು ತಿರುಗಿಸಿ ತೋರಿಸುವ ತಂತ್ರಾಂಶ, ಪ್ರಯೋಗ ಮಾಡಲು ಬಿಡುವ ಸಿಮ್ಯುಲೇಶನ್, ಸುಮ್ಮನೆ ಕೂತು ನೋಡುವ ವೀಡಿಯೋ... ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿಬಿಡ್ತಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋ ಗಾದೆ ಪರದೆಯ ಮುಂದೆ ಕೂತಾಗ ನಮಗೆ ಮರೆತೇಹೋಗುತ್ತೆ.

ನನ್ನ ತಕರಾರು ಇಷ್ಟು. ಮಗು ಏನನ್ನೂ ಬದಲಾಯಿಸಲಾಗದ, ಏನನ್ನೂ ಕೆಡಿಸಿ ನೋಡಲಾಗದ ಉಪಕರಣದಿಂದ ಅದು ಕಲಿಯೋದು ಬಹಳ ಕಮ್ಮಿ. ಉಪಕರಣ ಎಷ್ಟೇ ಥಳಥಳ ಹೊಳೆಯಲಿ. "ತ್ರೀಡಿಯಲ್ಲಿ ನೋಡಿದರೆ ತಾನಾಗೇ ಅರ್ಥವಾಗುತ್ತೆ" ಅನ್ನೋ ಮಾತನ್ನ ನಂಬಿಸಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಅವರ ಹೊಟ್ಟೆಪಾಡು ಅದು, ಬಿಡಿ. ನಾವ್ಯಾಕೆ ಅದನ್ನೇ ಬಿಟ್ಟಿಯಾಗಿ ಸಾರಬೇಕು?

ಸುಮ್ಮನೆ ಬೈದರೆ ಪ್ರಯೋಜನ ಇಲ್ಲ. ಒಂದು ಉದಾಹರಣೆ ತಗೊಳ್ಳೋಣ. ನೀರು.

ನನ್ನ ಅಕ್ಕನ ಮಗಳು ಮೊದಲ ಪಿಯುಸಿ. ಅವಳ ಟ್ಯೂಷನ್ನಿನವರು ಕೊಡಿಸಿದ ಆಪ್‌ನಲ್ಲಿ ನೀರಿನ ಅಣು ಬಲು ಚಂದ ತಿರುಗುತ್ತೆ. ಕೆಂಪು ಆಮ್ಲಜನಕ, ಎರಡು ಕಡೆ ಬಿಳೀ ಹೈಡ್ರೋಜನ್, ಹಿಂದೆ ಸಣ್ಣ ಸಂಗೀತ ಬೇರೆ. "ಅದು ಯಾಕೆ ಬಾಗಿದೆ? ನೆಟ್ಟಗೆ ಯಾಕಿಲ್ಲ?" ಅಂತ ಕೇಳಿದೆ. "ಮಾಮಾ, ಆಪ್‌ನಲ್ಲೇ ಹಾಗಿದೆಯಲ್ಲ!" ಅಂದಳು. ಕೋನ 104.5 ಡಿಗ್ರಿ ಅನ್ನೋದು ಅವಳಿಗೆ ಬಾಯಿಪಾಠ. ಆದರೆ ಆ ಚಿತ್ರ ಅವಳಿಗೆ ಇನ್ನೊಂದು ಪಠ್ಯಪುಸ್ತಕ ಆಗಿತ್ತು, ಅಷ್ಟೇ. ಸ್ವಲ್ಪ ಬಣ್ಣ ಜಾಸ್ತಿ ಇರೋ ಪಠ್ಯಪುಸ್ತಕ.

ಆಮೇಲೆ ಫೆಟ್ ತಾಣದ 'ಮಾಲಿಕ್ಯೂಲ್ ಶೇಪ್ಸ್' ಅನ್ನೋ ಸಿಮ್ಯುಲೇಶನ್ ತೆಗೆದು ಕೊಟ್ಟೆ. ಅದರಲ್ಲಿ ಅಣು ಸಿದ್ಧವಾಗಿ ಬಂದು ಕೂತಿರೋದಿಲ್ಲ, ನೀವೇ ಕಟ್ಟಬೇಕು. ನಡುವಿನ ಪರಮಾಣುವಿಗೆ ಎರಡು ಬಂಧ ಹಾಕಿದಳು. ನೆಟ್ಟಗೆ ನಿಂತಿತು, 180 ಡಿಗ್ರಿ. ಬಂಧದಲ್ಲಿ ಭಾಗವಹಿಸದ ಒಂದು ಜೊತೆ ಎಲೆಕ್ಟ್ರಾನ್ ಸೇರಿಸಿದಳು. ತಟ್ಟನೆ ಬಾಗಿತು! 120. ಇನ್ನೊಂದು ಜೊತೆ ಸೇರಿಸಿದಳು. ಇನ್ನೂ ಬಾಗಿ 109.5ಕ್ಕೆ ನಿಂತಿತು. ಒಂದು ಜೊತೆ ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು. ಕಣ್ಣಿಗೆ ಕಾಣದ ಎಲೆಕ್ಟ್ರಾನ್ ಜೋಡಿಗಳು ಬಂಧಗಳನ್ನ ಪಕ್ಕಕ್ಕೆ ತಳ್ತಾ ಇವೆ ಅಂತ ಯಾರೂ ಹೇಳಬೇಕಾಗಲಿಲ್ಲ. ಬಸ್ಸಿನ ಸೀಟಿನಲ್ಲಿ ಮೂರನೆಯವರು ಬಂದು ಕೂತರೆ ಇಬ್ಬರು ಸರಿಯೋ ಹಾಗೆ :-)

ನಿಜವಾದ ಮಜಾ ಆಮೇಲೆ ಬಂತು. ಅದೇ ಸಿಮ್ಯುಲೇಶನ್ನಿನ ಇನ್ನೊಂದು ಭಾಗದಲ್ಲಿ ನಿಜವಾದ ಅಣುಗಳಿವೆ. ನೀರನ್ನ ಆರಿಸಿಕೊಂಡರೆ 'ಮಾದರಿ' ಮತ್ತು 'ನಿಜ' ಎರಡನ್ನೂ ಅದಲು ಬದಲು ಮಾಡಿ ನೋಡಬಹುದು. ಮಾದರಿ ಹೇಳೋದು 109.5, ನಿಜ ಇರೋದು 104.5. "ಇದೇನು ಮಾಮಾ, ಐದು ಡಿಗ್ರಿ ಎಲ್ಲಿ ಹೋಯ್ತು?" ಅಂತ ಅವಳೇ ಕೇಳಿದಳು. ಬಂಧದ ಎಲೆಕ್ಟ್ರಾನುಗಳನ್ನ ಎರಡು ನ್ಯೂಕ್ಲಿಯಸ್ಸುಗಳು ಹಿಡಿದಿಟ್ಟುಕೊಂಡಿರುತ್ತವೆ. ಒಂಟಿ ಜೋಡಿಯನ್ನ ಹಿಡಿಯೋದು ಒಂದೇ. ಹಾಗಾಗಿ ಅದು ಹೆಚ್ಚು ಜಾಗ ಹರಡಿಕೊಂಡು ಬಂಧಗಳನ್ನ ಇನ್ನಷ್ಟು ಒತ್ತುತ್ತೆ. ಇದು ಅವಳ ಪಠ್ಯದಲ್ಲೂ ಇದೆ, ಓದಿದ್ದಳು. ಆದರೆ ಆ ಪ್ರಶ್ನೆ ಅವಳದ್ದಾಗಿದ್ದು ಅವತ್ತು.

ಗಮನಿಸಿ, ಈ ಉಪಕರಣ ತನ್ನ ಮಾದರಿಯ ಕುಂದನ್ನ ತಾನೇ ತೋರಿಸ್ತಾ ಇದೆ. "ನನ್ನ ಸರಳ ನಿಯಮ ಇಲ್ಲಿವರೆಗೆ ಬರುತ್ತೆ, ಮುಂದೆ ನಿಸರ್ಗದ ಲೆಕ್ಕ ಬೇರೆ" ಅಂತ. ಆ ದುಡ್ಡಿನ ಆಪ್‌ಗೆ ಈ ಪ್ರಾಮಾಣಿಕತೆ ಇಲ್ಲ. ಅದರಲ್ಲಿ ಎಲ್ಲವೂ ಸರಿ, ಎಲ್ಲವೂ ಮುಗಿದಿದೆ, ಮಗುವಿಗೆ ಉಳಿದಿರೋದು ಬೆರಳಾಡಿಸೋ ಕೆಲಸ.

ಫೆಟ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಇದನ್ನ ಶುರು ಮಾಡಿದ್ದು. ಬಹುಮಾನದ ಹಣದಲ್ಲಿ ಒಂದಿಷ್ಟನ್ನ ಇದಕ್ಕೇ ಹಾಕಿದರು. ಇವತ್ತಿಗೂ ಉಚಿತ.

ಹಾಗಾದರೆ ಅಣು ತೋರಿಸುವ ತಂತ್ರಾಂಶಗಳೆಲ್ಲ ದಂಡವೇ? ಅಲ್ಲ ಸ್ವಾಮಿ! ಜೆಮೋಲ್, ಮೋಲ್‌ವ್ಯೂ, ಮೋಲ್‌ಸ್ಟಾರ್... ಇವೆಲ್ಲ ಒಳ್ಳೆಯ ತಂತ್ರಾಂಶಗಳೇ. ಆದರೆ ಇವುಗಳ ಹುಟ್ಟು ಬೇರೆ. ಸಿಮ್ಯುಲೇಶನ್ ಒಂದು ನಿಯಮದಿಂದ ಹುಟ್ಟುತ್ತೆ. ಪ್ರೋಟೀನಿನ ಚಿತ್ರ ಅಳತೆಯಿಂದ ಹುಟ್ಟುತ್ತೆ. ಯಾರೋ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ, ಲೆಕ್ಕ ಹಾಕಿ, ಪ್ರತಿ ಪರಮಾಣು ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿ ಅದು. ಅಂಥ ಪಟ್ಟಿಗಳ ಕಣಜವೇ ಪ್ರೋಟೀನ್ ಡೇಟಾ ಬ್ಯಾಂಕ್. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಏಳು ರಚನೆಗಳೊಂದಿಗೆ ಶುರುವಾಗಿದ್ದು 2023ರಲ್ಲಿ ಎರಡು ಲಕ್ಷ ದಾಟಿತು. ಹಿಮೋಗ್ಲೋಬಿನ್ನಿನ ಬೆನ್ನು ಹತ್ತಿದ ಮ್ಯಾಕ್ಸ್ ಪೆರುಟ್ಜ್‌ಗೆ ಅದರ ಆಕಾರ ಸಿಗೋ ಹೊತ್ತಿಗೆ 20 ವರ್ಷಕ್ಕೂ ಮೇಲಾಗಿತ್ತು. 1962ರಲ್ಲಿ ಅದಕ್ಕೆ ನೊಬೆಲ್ ಬಂತು. ನಾವದನ್ನ ಎರಡು ಸೆಕೆಂಡು ತಿರುಗಿಸಿ "ವಾಹ್" ಅಂದು ಮುಂದಕ್ಕೆ ಹೋಗ್ತೀವಿ!

ಈ ಚಿತ್ರಗಳನ್ನ ಹೇಗೆ ಓದಬೇಕು ಅಂತ ಹೇಳಿಕೊಡದೆ ಮಕ್ಕಳ ಕೈಗೆ ಕೊಟ್ಟರೆ ತಪ್ಪು ಕಲಿಕೆ ಗ್ಯಾರಂಟಿ. ಆಮ್ಲಜನಕ ಕೆಂಪು, ಸಾರಜನಕ ನೀಲಿ, ಗಂಧಕ ಹಳದಿ ಅನ್ನೋದು ಮನುಷ್ಯರು ಮಾಡಿಕೊಂಡ ಒಪ್ಪಂದ. ಒಂಟಿ ಪರಮಾಣುವಿಗೆ ಅಂಥ ಬಣ್ಣ ಇಲ್ಲ. ಪರಮಾಣುಗಳ ನಡುವೆ ಕಡ್ಡಿಗಳೂ ಇಲ್ಲ. ಪ್ರೋಟೀನಿನ ಒಳಗೆ ರಿಬ್ಬನ್ ಸುತ್ತಿಟ್ಟಿಲ್ಲ. ಹಿಮೋಗ್ಲೋಬಿನ್ನಿನ ಬಹಳ ಪ್ರಸಿದ್ಧ ರಚನೆ ಒಂದಿದೆ, ಸಂಕೇತ 4ಎಚ್‌ಎಚ್‌ಬಿ. ಅದನ್ನ ತೆರೆದು ಹೈಡ್ರೋಜನ್ ಹುಡುಕಿ ನೋಡಿ. ಸಿಗೋದಿಲ್ಲ! ಹಿಮೋಗ್ಲೋಬಿನ್ನಿನಲ್ಲಿ ಹೈಡ್ರೋಜನ್ ಇಲ್ಲ ಅಂತಲ್ಲ, ಸಾವಿರಾರು ಇವೆ. ಎಕ್ಸ್‌ರೇಗೆ ಕಾಣೋದು ಎಲೆಕ್ಟ್ರಾನ್. ಹೈಡ್ರೋಜನ್ನಿಗಿರೋದು ಒಂದೇ ಒಂದು, ಅದೂ ಬಂಧದಲ್ಲಿ ಸಿಕ್ಕಿಹಾಕಿಕೊಂಡಿರೋದು. ಹಾಗಾಗಿ ಅದು ತಪ್ಪಿಸಿಕೊಳ್ಳುತ್ತೆ. "ಹೈಡ್ರೋಜನ್ ಎಲ್ಲಿ?" ಅನ್ನೋ ಒಂದು ಪ್ರಶ್ನೆ ಹಿಡಿದು ಇಡೀ ಪೀರಿಯಡ್ ಪಾಠ ಮಾಡಬಹುದು. ಎಷ್ಟು ಜನ ಮೇಷ್ಟ್ರು ಮಾಡ್ತಾರೆ? ಅವರಿಗೆ ಸಿಗೋದೂ "ಮಕ್ಕಳಿಗೆ ತೋರಿಸಿ" ಅನ್ನೋ ಒಂದು ಸಾಲಿನ ಕೊಂಡಿಯೇ ಅಲ್ವಾ?

ಪ್ರಶ್ನೆ ಕೊಟ್ಟರೆ ಇದೇ ತಂತ್ರಾಂಶ ಎಷ್ಟು ಬದಲಾಗುತ್ತೆ ನೋಡಿ. ಸಿಕಲ್ ಸೆಲ್ ಅನೀಮಿಯಾ ನಮಗೆ ದೂರದ ರೋಗವೇನಲ್ಲ. ಮೈಸೂರು, ಚಾಮರಾಜನಗರ ಕಡೆಯ ಬುಡಕಟ್ಟು ಸಮುದಾಯಗಳಲ್ಲಿ ಇದೆ. 2023ರ ಜುಲೈನಲ್ಲಿ ಇದರ ನಿರ್ಮೂಲನೆಗೆಂದೇ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಅಭಿಯಾನ ಶುರು ಮಾಡಿತು. ಆ ರೋಗದ ಹಿಮೋಗ್ಲೋಬಿನ್ನಿನ ರಚನೆಯೂ ಬ್ಯಾಂಕಿನಲ್ಲಿದೆ, 2ಎಚ್‌ಬಿಎಸ್. ಮಕ್ಕಳಿಗೆ ಹೇಳಿ: "ಬೀಟಾ ಸರಪಳಿಯಲ್ಲಿ ಆರನೇ ಕೊಂಡಿ ಹುಡುಕಿ. ಆರೋಗ್ಯವಂತರಲ್ಲಿ ಅಲ್ಲಿ ಗ್ಲುಟಾಮಿಕ್ ಆಮ್ಲ ಇರುತ್ತೆ. ಇಲ್ಲಿ ಏನಿದೆ? ಅದರ ಪಕ್ಕ ಯಾರು ಕೂತಿದ್ದಾರೆ?" ಹುಡುಕಿದಾಗ ವ್ಯಾಲೀನ್ ಸಿಗುತ್ತೆ. ಗ್ಲುಟಾಮಿಕ್ ಆಮ್ಲಕ್ಕೆ ನೀರು ಇಷ್ಟ, ವ್ಯಾಲೀನ್‌ಗೆ ನೀರು ಕಂಡರಾಗದು. ಅದು ಪಕ್ಕದ ಹಿಮೋಗ್ಲೋಬಿನ್ನಿನ ಗುಳಿಯೊಂದರಲ್ಲಿ ಹೋಗಿ ಅಡಗಿ ಕೂತಿರೋದು ಕಣ್ಣಿಗೇ ಕಾಣುತ್ತೆ. ಹೀಗೆ ಒಂದಕ್ಕೊಂದು ಅಂಟಿಕೊಂಡೇ ರಕ್ತಕಣ ಕುಡುಗೋಲಿನಂತೆ ಬಾಗೋದು. ನೂರಾರು ಕೊಂಡಿಗಳಲ್ಲಿ ಒಂದು ಬದಲಾದದ್ದಕ್ಕೆ ಒಂದು ಮಗು ಆಯುಷ್ಯವಿಡೀ ನರಳುತ್ತೆ. ಇದನ್ನ ತಾನೇ ಹುಡುಕಿ ಕಂಡ ಹುಡುಗ ಸುಲಭಕ್ಕೆ ಮರೆಯೋದಿಲ್ಲ.

ಅಂದ ಹಾಗೆ ಈ ವಿದ್ಯೆಯಲ್ಲಿ ನಮ್ಮವರು ಹಿಂದೆ ಬಿದ್ದವರೇನಲ್ಲ. ಜಿ.ಎನ್. ರಾಮಚಂದ್ರನ್ ಮದ್ರಾಸಿನಲ್ಲಿದ್ದಾಗ 1954ರಲ್ಲಿ ಗೋಪಿನಾಥ್ ಕರ್ತಾ ಜೊತೆ ಕೊಲಾಜೆನ್‌ಗೆ ಮೂರೆಳೆಯ ರಚನೆ ಸೂಚಿಸಿದರು. 1963ರಲ್ಲಿ ಅವರೂ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಕೂಡ ಒಂದು ಸರಳ ಪ್ರಶ್ನೆ ಕೇಳಿದರು. ಪ್ರೋಟೀನಿನ ಸರಪಳಿಯನ್ನ ಯಾವ ಯಾವ ಕೋನಕ್ಕೆ ತಿರುಗಿಸಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ? ಡಿಕ್ಕಿ ಆಗದ ಜಾಗಗಳನ್ನ ನಕ್ಷೆಯಲ್ಲಿ ಗುರುತು ಹಾಕಿದರು. ಅದೇ ರಾಮಚಂದ್ರನ್ ನಕ್ಷೆ. ಇವತ್ತಿಗೂ ಹೊಸ ಪ್ರೋಟೀನ್ ರಚನೆ ಸರಿಯಿದೆಯೋ ಇಲ್ಲವೋ ಅಂತ ಪರೀಕ್ಷಿಸೋದು ಅದರಿಂದಲೇ. ಆಮೇಲೆ ಅವರು ಬೆಂಗಳೂರಿಗೆ ಬಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದರು. ಅಲ್ಲೇ ದಶಕಗಳ ಕಾಲ ಕೆಲಸ ಮಾಡಿದ ಎಂ. ವಿಜಯನ್, 1969ರಲ್ಲಿ ಇನ್ಸುಲಿನ್ ರಚನೆ ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್ ತಂಡದಲ್ಲಿದ್ದವರು. ಇವರ ಮುಂದೆ ಥಳಥಳಿಸೋ ತ್ರೀಡಿ ಇರಲಿಲ್ಲ, ಪ್ರಶ್ನೆ ಇತ್ತು. ಗುಂಡು ಕಡ್ಡಿಗಳ ಮಾದರಿಯನ್ನ ಕೈಯಲ್ಲಿ ತಿರುಚಿ ನೋಡೋ ಅಭ್ಯಾಸ ಇತ್ತು.

ಹಾಗೆ ತಿರುಚಿ ನೋಡುವ ಸುಖ ಪರದೆಯ ಮೇಲೂ ಬೇಕು ಅನ್ನೋರಿಗೆ ಅವೊಗಾಡ್ರೋ ಅನ್ನೋ ಉಚಿತ ತಂತ್ರಾಂಶ ಇದೆ. ಅಣು ಕಟ್ಟಿ, ಅದರ ಆಟೋ ಆಪ್ಟಿಮೈಸ್ ಶುರು ಮಾಡಿ, ಒಂದು ಪರಮಾಣುವನ್ನ ಹಿಡಿದು ಎಳೆಯಿರಿ. ಶಕ್ತಿಯ ಲೆಕ್ಕ ಏರುತ್ತೆ. ಬಿಟ್ಟರೆ ರಬ್ಬರಿನ ಹಾಗೆ ವಾಪಸ್ ಬಂದು ಕೂರುತ್ತೆ, ಶಕ್ತಿ ಇಳಿಯುತ್ತೆ. ಆಕಾರ ಅನ್ನೋದು ಯಾರೋ ಬರೆದ ಚಿತ್ರವಲ್ಲ, ಶಕ್ತಿ ಕಮ್ಮಿ ಇರೋ ಜಾಗ ಅಂತ ಬೆರಳಿಗೇ ಗೊತ್ತಾಗುತ್ತೆ. ನೋಡುವ ತಂತ್ರಾಂಶಕ್ಕೂ ಸಿಮ್ಯುಲೇಶನ್ನಿಗೂ ನಡುವಿನ ಸೇತುವೆ ಇದು. ಹತ್ತರ ಪಟ್ಟಿಗಳಲ್ಲಿ ಮಾತ್ರ ನಾನು ಇದನ್ನ ಕಂಡಿಲ್ಲ.

ಈಗ ಸಿಮ್ಯುಲೇಶನ್ ಪಕ್ಷದವರಿಗೂ ಸ್ವಲ್ಪ. ನಿಮ್ಮದೂ ಪೂರ್ತಿ ಸತ್ಯ ಅಲ್ಲ! ಫೆಟ್‌ನ ವಿದ್ಯುತ್ ಮಂಡಲದ ಸಿಮ್ಯುಲೇಶನ್ನಿನಲ್ಲಿ ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಗೋಲಿಗಳ ಹಾಗೆ ಸಾಲಾಗಿ ಹೋಗ್ತಾ ಇರುತ್ತವೆ. ನಿಜವಾದ ತಂತಿಯಲ್ಲಿ ಅವುಗಳ ಸರಾಸರಿ ಸಾಗಾಟ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಮ್ಮಿ. ದ್ರವ್ಯದ ಸ್ಥಿತಿಗಳ ಸಿಮ್ಯುಲೇಶನ್ನಿನಲ್ಲಿ ಕೈಯಲ್ಲಿ ಎಣಿಸಬಹುದಾದಷ್ಟು ಕಣಗಳು. ನಲ್ಲಿಯಿಂದ ತೊಟ್ಟಿಕ್ಕೋ ಒಂದು ಹನಿ ನೀರಿನಲ್ಲಿರೋ ಅಣುಗಳಾದರೋ, ಒಂದರ ಮುಂದೆ 21 ಸೊನ್ನೆ ಹಾಕಿದರೂ ಸಾಲದು. ಇದನ್ನ ಹೇಳಿಕೊಡೋ ಮೇಷ್ಟ್ರು ಪಕ್ಕದಲ್ಲಿರಬೇಕು. "ಇದರಲ್ಲಿ ಯಾವುದು ಸುಳ್ಳು, ಹುಡುಕಿ" ಅಂತ ಮಕ್ಕಳಿಗೇ ಕೆಲಸ ಕೊಟ್ಟರೆ ಇನ್ನೂ ಒಳ್ಳೇದು.

ಇನ್ನೊಂದು ವಾದ ಬರುತ್ತೆ: "ಲ್ಯಾಬೇ ಇಲ್ಲದ ಶಾಲೆಗೆ ಇದು ವರ ಅಲ್ವಾ?" ಇಲ್ಲೇ ಎಚ್ಚರ ಬೇಕು. ಲೋಲಕಕ್ಕೆ ಏನು ಬೇಕು ಹೇಳಿ? ಒಂದು ದಾರ, ಒಂದು ಕಲ್ಲು. ಒಂದು ಮೀಟರ್ ಉದ್ದ ಬಿಟ್ಟರೆ ಹೋಗಿ ಬರೋಕೆ ಹತ್ತಿರ ಹತ್ತಿರ ಎರಡು ಸೆಕೆಂಡು. ಹತ್ತು ಮಕ್ಕಳು ಅಳೆದರೆ ಹತ್ತು ಉತ್ತರ ಬರುತ್ತೆ, ಯಾಕೆ ಬಂತು ಅಂತ ಜಗಳ ಆಗುತ್ತೆ. ಆ ಜಗಳವೇ ವಿಜ್ಞಾನ. ಪರದೆಯ ಲೋಲಕ ಹತ್ತು ಸಲವೂ ಒಂದೇ ಥರ ತೂಗುತ್ತೆ, ಅದರ ದಾರ ಕೈ ಜಾರೋದಿಲ್ಲ. ದಾರ ಕಲ್ಲು ಸಿಗೋ ಊರಲ್ಲಿ ಲೋಲಕವನ್ನ ಪರದೆಯ ಮೇಲೆ ತೋರಿಸೋದು, ಮನೆ ಹಿತ್ತಲಲ್ಲಿ ಮಾವಿನ ಮರ ಇಟ್ಕೊಂಡು ಮಾವಿನಹಣ್ಣಿನ ಚಿತ್ರ ನೆಕ್ಕಿದ ಹಾಗೆ.

ಹಾಗಂತ ಕೈಯೇ ಎಲ್ಲ ಅಂತಲೂ ಅನ್ನೋದಿಲ್ಲ. 2005ರಲ್ಲಿ ಕೊಲರಾಡೋದವರೇ ಒಂದು ಅಧ್ಯಯನ ಪ್ರಕಟಿಸಿದರು. ಒಂದಿಷ್ಟು ವಿದ್ಯಾರ್ಥಿಗಳಿಗೆ ನಿಜವಾದ ಬಲ್ಬು ತಂತಿ, ಇನ್ನೊಂದಿಷ್ಟು ಜನಕ್ಕೆ ಸಿಮ್ಯುಲೇಶನ್. ಕೊನೆಗೆ ಪರೀಕ್ಷೆಯ ಪ್ರಶ್ನೆಗಳಲ್ಲೂ, ನಿಜವಾದ ಮಂಡಲ ಜೋಡಿಸೋದರಲ್ಲೂ ಸಿಮ್ಯುಲೇಶನ್ನಿನವರೇ ಮುಂದಿದ್ದರು. ಉಪಕರಣ ಮಾಡಿದವರೇ ನಡೆಸಿದ ಅಧ್ಯಯನ ಅನ್ನೋದು ನೆನಪಿರಲಿ, ಆದರೂ ತಳ್ಳಿಹಾಕೋ ಹಾಗಿಲ್ಲ. ನನ್ನ ಪ್ರಕಾರ ಕಾರಣ ಸರಳ. ತಂತಿಯ ಒಳಗೆ ಏನಾಗ್ತಿದೆ ಅಂತ ನಿಜವಾದ ತಂತಿ ತೋರಿಸೋದಿಲ್ಲ, ಸಿಮ್ಯುಲೇಶನ್ ತೋರಿಸುತ್ತೆ. ತಪ್ಪು ಜೋಡಿಸಿದರೆ ಬ್ಯಾಟರಿಗೆ ಬೆಂಕಿಯೂ ಹತ್ತುತ್ತೆ, ಯಾರ ಕೈಯೂ ಸುಡೋದಿಲ್ಲ. ಹಾಗಾಗಿ ನನ್ನ ಸೂತ್ರ ಇದು: ಕೈಗೆ ಸಿಗೋದಕ್ಕೆ ಕೈ, ಕಣ್ಣಿಗೆ ಕಾಣದ್ದಕ್ಕೆ ಪರದೆ. ಪರದೆಯಲ್ಲೂ ಮುಟ್ಟಿ ಕೆಡಿಸಿ ನೋಡಲು ಬಿಡೋದಕ್ಕೆ ಮೊದಲ ಮಣೆ.

ಕೊನೆಗೆ ದುಡ್ಡಿನ ಮಾತು. ನನಗೆ ಗೊತ್ತಿರೋ ಒಂದು ಊರಿನ ಶಾಲೆಯಲ್ಲಿ ಪೋಷಕರಿಂದ ಹಣ ಎತ್ತಿ 'ಸ್ಮಾರ್ಟ್' ಪಾಠಗಳ ಒಂದು ಪೆಟ್ಟಿಗೆ ಕೊಂಡರು. ಒಳಗಿದ್ದದ್ದು ಪೂರ್ತಿ ಫ್ಲ್ಯಾಶ್. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಎಳ್ಳುನೀರು ಬಿಟ್ಟಿತು. ಮಾರಿದವರು ಫೋನ್ ಎತ್ತಲಿಲ್ಲ. ಪೆಟ್ಟಿಗೆ ಈಗ ಹೆಡ್‌ಮೇಷ್ಟ್ರ ಬೀರುವಿನಲ್ಲಿ ಭದ್ರವಾಗಿದೆ. ಬೀಡಿ ಕಟ್ಟಿ ದುಡಿದ ತಾಯಂದಿರ ದುಡ್ಡೂ ಅದರಲ್ಲಿತ್ತು. ಫೆಟ್‌ನದ್ದೂ ಹಳೆಯವು ಫ್ಲ್ಯಾಶ್ ಮತ್ತು ಜಾವಾದಲ್ಲೇ ಇದ್ದದ್ದು. ಜೆಮೋಲ್ ಕೂಡ ಜಾವಾ. ಆದರೆ ಮುಕ್ತವಾಗಿದ್ದದ್ದರಿಂದ ಅವು ಕಾಲಕ್ಕೆ ತಕ್ಕಂತೆ ಹೊಸ ಬಟ್ಟೆ ಹಾಕಿಕೊಂಡವು. ಫೆಟ್‌ನ ಬಹಳಷ್ಟು ಸಿಮ್ಯುಲೇಶನ್‌ಗಳು ಎಚ್‌ಟಿಎಂಎಲ್5ಕ್ಕೆ ಬಂದಿವೆ, ಜೆಮೋಲ್‌ಗೆ ಜೆಎಸ್‌ಮೋಲ್ ಅನ್ನೋ ತಮ್ಮ ಹುಟ್ಟಿದ. ಫೆಟ್‌ನ ಹೊಸ ಸಿಮ್ಯುಲೇಶನ್ ಒಂದೊಂದೂ ಒಂದೇ ಕಡತ. ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ನೆಟ್ ಇಲ್ಲದ ಹಳ್ಳಿ ಶಾಲೆಯ ಹಳೇ ಕಂಪ್ಯೂಟರಿನಲ್ಲೂ ಬ್ರೌಸರ್ ಒಂದಿದ್ದರೆ ಓಡುತ್ತೆ.

ಇನ್ನು ಭಾಷೆ. ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿನ ಹುಡುಗಿಗೆ ಬಿಸಿ, ತಂಪು ಅನ್ನೋ ಗುಂಡಿಗಳೂ ಇಂಗ್ಲಿಷಿನಲ್ಲೇ ಬಂದರೆ ಅವಳು ಆಡೋದು ವಿಜ್ಞಾನದ ಜೊತೆ ಅಲ್ಲ, ನಿಘಂಟಿನ ಜೊತೆ. ಫೆಟ್‌ನಲ್ಲಿ ಕೆಲವು ಕನ್ನಡಕ್ಕೂ ಬಂದಿವೆ. ಮಾಡಿದ ಪುಣ್ಯಾತ್ಮರಿಗೆ ನಮಸ್ಕಾರ. ಇನ್ನೂ ಬರಬೇಕು. ಅನುವಾದಕ್ಕೆಂದೇ ಅವರ ತಾಣದಲ್ಲಿ ವ್ಯವಸ್ಥೆ ಇದೆ, ಪ್ರೋಗ್ರಾಮಿಂಗ್ ಬೇಕಿಲ್ಲ. ಎಷ್ಟೋ ಸಿಮ್ಯುಲೇಶನ್‌ಗಳಲ್ಲಿ ಇರೋದು ಕೆಲವು ಡಜನ್ ಪದಗಳು. ಮಹಾಪ್ರಾಣ ಬೇಕೋ ಬೇಡವೋ ಅಂತ ನಾವು ನೂರೈವತ್ತು ಕಾಮೆಂಟು ಹಾಕಿ ಕಾದಾಡಿದ ಜನ ಸ್ವಾಮಿ, ಇಷ್ಟು ಪದ ನಮಗೆ ಯಾವ ಲೆಕ್ಕ! ಆದರೆ ಪಠ್ಯಪುಸ್ತಕದಲ್ಲಿ ಮಕ್ಕಳು ಓದಿರೋ ಪದಗಳನ್ನೇ ಹಾಕಿ. ಅಣು, ಪರಮಾಣು, ಬಂಧ ಅಂತ. ನಮ್ಮ ಪಾಂಡಿತ್ಯಕ್ಕೆ ಹೊಸ ಪದ ಟಂಕಿಸೋ ಜಾಗ ಅದಲ್ಲ.

ಮುಂದಿನ ಸಲ ಇಂಥ ಒಂದು ತಾಣದ ಬಗ್ಗೆ ಬರೆಯುವಾಗ ದಯವಿಟ್ಟು ಮೂರು ಸಾಲು ಸೇರಿಸಿ. ಈ ಚಿತ್ರ ಅಳತೆಯಿಂದ ಬಂದದ್ದೋ, ನಿಯಮದಿಂದ ಬಂದದ್ದೋ? ಇದರಲ್ಲಿ ಮಗು ಏನನ್ನ ಬದಲಾಯಿಸಬಹುದು? ಮಗುವಿಗೆ ಕೇಳಬೇಕಾದ ಒಂದು ಪ್ರಶ್ನೆ ಯಾವುದು? ಹತ್ತು ಕೊಂಡಿ ಬೇಡ, ಒಂದೇ ಸಾಕು.

ಮೊದಲ ಕೆಲಸ ನಾನೇ ಹಿಡಿದಿದ್ದೀನಿ. ಫೆಟ್‌ನ ಒಂದು ಸಿಮ್ಯುಲೇಶನ್ನಿನ ಪದಗಳನ್ನ ಕನ್ನಡಕ್ಕೆ ಬರೆದಿಟ್ಟುಕೊಳ್ತಾ ಇದ್ದೀನಿ. 'ಲೋನ್ ಪೇರ್'ಗೆ 'ಒಂಟಿ ಜೋಡಿ' ಅಂತ ಹಾಕಿದ್ದೀನಿ. ಒಂಟಿಯೂ ಹೌದು ಜೋಡಿಯೂ ಹೌದು ಅಂದರೆ ಮಕ್ಕಳು ನಗಬಹುದು :-) ನಿಮಗೆ ಇದಕ್ಕಿಂತ ಒಳ್ಳೇ ಪದ ಹೊಳೆದರೆ ಕೆಳಗೆ ಬರೆಯಿರಿ.